ಹಳೇ ಸೈನಿಕ ಕೋಟೆಗಳ ಆಸುಪಾಸು ಮೆಟಲ್ ಡಿಟೆಕ್ಟರ್ ಹಿಡಿಯೋದು ಹೇಗೆ: ಟೆಕ್ಸಾಸ್‌ನಲ್ಲಿರೋ ಕನ್ನಡದವರಿಗೆ

ಡಿಟೆಕ್ಟರ್ ತಗೊಂಡ್ರೆ ಸೀದಾ ಸ್ಯಾನ್ ಏಂಜೆಲೋದ ಹಳೇ ಸೈನಿಕ ಕೋಟೆ ಫೋರ್ಟ್ ಕಾಂಚೋಗೆ ಹೋಗಿ ಹುಡುಕಬಹುದಾ ಅಂತ ಮೊನ್ನೆ ಡಾಲಸ್‌ನ ಗೆಳೆಯರೊಬ್ರು ಫೋನ್ ಮಾಡಿ ಕೇಳಿದ್ರು. ಆಗಲ್ಲ. ಅಲ್ಲಿ ಡಿಟೆಕ್ಟರ್ ಆನ್ ಮಾಡಿದ್ರೂ ತಪ್ಪೇ. ಹಂಗಾದ್ರೆ ಎಲ್ಲಿ ಹೋಗಬಹುದು, ಯಾರನ್ನ ಕೇಳ್ಬೇಕು, ಏನು ಸಿಗತ್ತೆ, ಸಿಕ್ಕಿದ್ದನ್ನ ಏನು ಮಾಡ್ಬೇಕು ಅಂತ ಅವರಿಗೆ ಒಂದೂವರೆ ಗಂಟೆ ಹೇಳಿದೆ, ಅದನ್ನೇ ಇಲ್ಲಿ ಬರೀತಿದೀನಿ, ಇನ್ನೊಬ್ಬರಿಗೆ ಉಪಯೋಗ ಆಗ್ಲಿ.

ನಾನು ಚಿತ್ರದುರ್ಗದ ಕಡೆಯವನು, ಚಿಕ್ಕಂದಿನಿಂದ ಕೋಟೆ ನೋಡ್ಕೊಂಡೇ ಬೆಳೆದಿದ್ದು. ಇಲ್ಲಿಗೆ ಬಂದಾಗ ಇವರು ಫೋರ್ಟ್ ಅಂತ ಕರೆಯೋದನ್ನ ನೋಡಿ ಇದೇನು ಕೋಟೆ, ಗೋಡೆನೇ ಇಲ್ವಲ್ಲ ಅನ್ನಿಸಿತ್ತು. ಪಶ್ಚಿಮ ಟೆಕ್ಸಾಸ್‌ನ ಗಡಿ ಕೋಟೆಗಳು ಹಂಗೇ. ನಡುವೆ ಒಂದು ದೊಡ್ಡ ಪರೇಡ್ ಮೈದಾನ, ಒಂದು ಕಡೆ ಆಫೀಸರ್‌ಗಳ ಮನೆ ಸಾಲು, ಎದುರಿಗೆ ಸೈನಿಕರ ಬ್ಯಾರಕ್, ಹಿಂದೆ ಕುದುರೆ ಲಾಯ, ಆಸ್ಪತ್ರೆ, ಬೇಕರಿ, ಅಷ್ಟೇ. ಸುತ್ತ ಗೋಡೆ ಇಲ್ಲ, ಬುರುಜು ಇಲ್ಲ. ಫೋರ್ಟ್ ಚಾಡ್‌ಬರ್ನ್ 1852ರಲ್ಲಿ ಶುರುವಾಯ್ತು, ಅಲ್ಲಿ ನೀರು ಸಾಲದೇ ಹೋಗಿ 1867ರಲ್ಲಿ ಕಾಂಚೋ ನದಿಗಳು ಸೇರೋ ಜಾಗದಲ್ಲಿ ಫೋರ್ಟ್ ಕಾಂಚೋ ಕಟ್ಟಿದ್ರು, ಅದು 1889ರವರೆಗೆ ನಡೀತು. ಫೋರ್ಟ್ ಗ್ರಿಫಿನ್, ಫೋರ್ಟ್ ರಿಚರ್ಡ್‌ಸನ್, ಫೋರ್ಟ್ ಮೆಕಾವೆಟ್ ಎಲ್ಲಾ ಇದೇ ಸರಣಿ. ಕಮಾಂಚಿ, ಕಯೋವಾ, ಅಪಾಚಿ ಜನರ ನೆಲದ ಅಂಚಿಗೆ ಅಮೆರಿಕದ ಸೈನ್ಯ ಸಾಲಾಗಿ ನೆಟ್ಟ ಕೋಟೆಗಳು ಇವು. ಇಲ್ಲಿ ಕೆಲಸ ಮಾಡಿದವರಲ್ಲಿ ಬಹಳ ಜನ ಕಪ್ಪು ಸೈನಿಕರು, ಬಫಲೋ ಸೋಲ್ಜರ್ಸ್ ಅಂತ ಹೆಸರಾದವರು. ಅವರ 10ನೇ ಕ್ಯಾವಲ್ರಿಯ, ಅಂದ್ರೆ ಕುದುರೆ ಪಡೆಯ, ಮುಖ್ಯ ಕಚೇರಿ 1875ರಿಂದ 1882ರವರೆಗೆ ಫೋರ್ಟ್ ಕಾಂಚೋದಲ್ಲೇ ಇತ್ತು. ನೆಲದಲ್ಲಿ ಸಿಗೋ ಒಂದೊಂದು ಬಟನ್, ತೋಟಾ (ಬಂದೂಕಿನ ಕಾರ್ಟ್ರಿಜ್) ಇವರಲ್ಲಿ ಯಾರದ್ದೋ ಒಬ್ಬರದ್ದು ಅನ್ನೋದು ತಲೇಲಿದ್ರೆ ಕೆಲಸ ತಾನಾಗೇ ನಿಧಾನ ಆಗತ್ತೆ, ನಿಧಾನ ಆಗ್ಬೇಕು ಕೂಡ.

ಮೊದಲು ಎಲ್ಲಿ ಹೋಗಬಾರದು ಅನ್ನೋದು

ಫೆಡರಲ್ ಜಾಗದಲ್ಲಿ ಬೇಡವೇ ಬೇಡ. ಫೋರ್ಟ್ ಡೇವಿಸ್ ನ್ಯಾಶನಲ್ ಪಾರ್ಕ್ ಸರ್ವಿಸ್ ಕೈಯಲ್ಲಿದೆ, ಪಾರ್ಕ್ ಒಳಗೆ ಡಿಟೆಕ್ಟರ್ ಬಳಸೋದು ಅಪರಾಧ. ಅದರ ಮೇಲೆ 1979ರ ಪುರಾತತ್ವ ಸಂಪನ್ಮೂಲ ರಕ್ಷಣಾ ಕಾಯ್ದೆ ಇದೆ, ಫೆಡರಲ್ ಮತ್ತು ಬುಡಕಟ್ಟು ಜನರ ನೆಲದಿಂದ 100 ವರ್ಷಕ್ಕಿಂತ ಹಳೇ ವಸ್ತು ಪರ್ಮಿಟ್ ಇಲ್ಲದೆ ತೆಗೆದ್ರೆ ಮೊದಲ ಸಲಕ್ಕೇ 10,000 ಡಾಲರ್‌ವರೆಗೆ ದಂಡ, ಒಂದು ವರ್ಷದವರೆಗೆ ಜೈಲು, ವಸ್ತುವಿನ ಬೆಲೆ ಮತ್ತು ಜಾಗ ಸರಿಮಾಡೋ ಖರ್ಚು ಸೇರಿ 500 ಡಾಲರ್ ದಾಟಿದ್ರೆ ಇದು ಡಬಲ್ ಆಗತ್ತೆ. ವೀಸಾ ಮೇಲಿರೋರು, ಗ್ರೀನ್ ಕಾರ್ಡ್‌ಗೆ ಕಾಯ್ತಿರೋರು ಇದನ್ನ ಎರಡು ಸಲ ಓದಿ. ಒಂದು ಬಟನ್‌ಗೋಸ್ಕರ ಕ್ರಿಮಿನಲ್ ಕೇಸ್ ಹಾಕಿಸ್ಕೋಬೇಡಿ.

ರಾಜ್ಯದ, ಕೌಂಟಿಯ, ಸಿಟಿಯ ಜಾಗನೂ ಹಂಗೇ. 1969ರ ಟೆಕ್ಸಾಸ್ ಆಂಟಿಕ್ವಿಟೀಸ್ ಕೋಡ್ ಅದನ್ನೆಲ್ಲಾ ಕಾಯತ್ತೆ. ಫೋರ್ಟ್ ಕಾಂಚೋ ಸ್ಯಾನ್ ಏಂಜೆಲೋ ಸಿಟಿದು, ಫೋರ್ಟ್ ಗ್ರಿಫಿನ್ ಮತ್ತು ಮೆಕಾವೆಟ್ ಟೆಕ್ಸಾಸ್ ಹಿಸ್ಟಾರಿಕಲ್ ಕಮಿಷನ್‌ದು. ಇಲ್ಲಿಗೆಲ್ಲಾ ಕ್ಯಾಮೆರಾ ತಗೊಂಡು ಹೋಗಿ, ಡಿಟೆಕ್ಟರ್ ಮನೇಲಿರ್ಲಿ. ಆದ್ರೆ ಹೋಗೋದಂತೂ ಹೋಗಿ, ಯಾಕಂದ್ರೆ ಮ್ಯೂಸಿಯಂನಲ್ಲಿ ಇಟ್ಟಿರೋ ಬಟನ್, ಬಕಲ್, ತೋಟಾನೆಲ್ಲ ಹತ್ತು ಸಲ ನೋಡಿದ್ರೆ ಮಣ್ಣಲ್ಲಿ ಕಂಡಾಗ ಕಣ್ಣು ಹಿಡಿಯತ್ತೆ.

ಊರಿಂದ ಓದ್ತಿರೋರಿಗೂ ಒಂದು ಮಾತು. ಇದನ್ನ ನೋಡಿ ಡಿಟೆಕ್ಟರ್ ತರಿಸ್ಕೊಂಡು ನಮ್ಮ ಕೋಟೆಗಳ ಕಡೆ ಹೋಗ್ಬೇಡಿ. ಇಂಡಿಯಾದಲ್ಲಿ 1878ರ ಟ್ರೆಷರ್ ಟ್ರೋವ್ ಕಾಯ್ದೆ ಇವತ್ತಿಗೂ ಇದೆ, ನೆಲದಲ್ಲಿ ಹೂತಿರೋದು ಹತ್ತು ರೂಪಾಯಿಗಿಂತ ಜಾಸ್ತಿ ಬೆಲೆದು ಸಿಕ್ಕಿದ್ರೆ ಕಲೆಕ್ಟರ್‌ಗೆ ತಿಳಿಸ್ಲೇಬೇಕು. ಚಿತ್ರದುರ್ಗದಂಥ ರಕ್ಷಿತ ಸ್ಮಾರಕದಲ್ಲಿ ಅಗೆಯೋದು ಇನ್ನೂ ದೊಡ್ಡ ಅಪರಾಧ. ನಿಧಿ ಆಸೆಗೆ ದುರ್ಗದ ಸುತ್ತ ಎಷ್ಟು ಕಡೆ ಕಲ್ಲು ಕಿತ್ತು ಹಾಕಿದಾರೆ ಅಂತ ನೋಡಿದವನು ನಾನು, ಹೊಟ್ಟೆ ಉರಿಯತ್ತೆ. ಸರಿಯಾಗಿ ತೆಗೆದ್ರೆ ಏನಾಗತ್ತೆ ಅನ್ನೋದಕ್ಕೆ ಹೊಸನಗರ ತಾಲೂಕಿನ ನಗರವನ್ನ ನೋಡಿ, 2018ರಲ್ಲಿ ಅಲ್ಲಿ ಪಾಳು ಬಾವಿಯಿಂದ ರಾಜ್ಯ ಪುರಾತತ್ವ ಇಲಾಖೆಯವರು ಟಿಪ್ಪು ಕಾಲದ ಸಾವಿರದಷ್ಟು ಕಬ್ಬಿಣದ ರಾಕೆಟ್ ತೆಗೆದ್ರು. ಯಾರೋ ಒಬ್ರು ರಾತ್ರೋರಾತ್ರಿ ಎತ್ಕೊಂಡು ಹೋಗಿದ್ರೆ ಗುಜರಿ ಕಬ್ಬಿಣ ಆಗ್ತಿತ್ತು.

ಹಂಗಾದ್ರೆ ಉಳಿದಿದ್ದು ಖಾಸಗಿ ನೆಲ

ಕೋಟೆ ರಕ್ಷಿತ ಆದ್ರೂ ಕೋಟೆಯ ಬದುಕು ಬೇಲಿ ಒಳಗೆ ಮುಗೀತಿರ್ಲಿಲ್ಲ. ಕೋಟೆಯಿಂದ ಕೋಟೆಗೆ ಹೋಗೋ ಮಿಲಿಟರಿ ದಾರಿ, ಆ ದಾರಿ ಹಳ್ಳ ದಾಟೋ ಜಾಗ, ಪಡೆ ರಾತ್ರಿ ತಂಗ್ತಿದ್ದ ಕ್ಯಾಂಪು, ಕುದುರೆ ಮೇಯಿಸ್ತಿದ್ದ ಬಯಲು, ಕಟ್ಟಿಗೆ ಕಡೀತಿದ್ದ ಕ್ಯಾಂಪು, ಇವೆಲ್ಲಾ ಈಗ ರ‍್ಯಾಂಚ್‌ಗಳ ಒಳಗಿವೆ. ನಾವು ಕೇಳ್ಕೊಂಡು ಹೋಗಬೇಕಾಗಿರೋದು ಅಲ್ಲಿಗೆ. ಟೆಕ್ಸಾಸ್‌ನಲ್ಲಿ ಬಹುಪಾಲು ನೆಲ ಖಾಸಗಿಯವರದ್ದೇ, ಮಾಲೀಕರು ಹೂಂ ಅಂದ್ರೆ ಹೋಗಬಹುದು.

ಹುಡುಕೋ ಕೆಲಸ ಮನೇಲಿ ಟೇಬಲ್ ಮೇಲೆ ಶುರು ಆಗ್ಬೇಕು. ನ್ಯಾಶನಲ್ ಆರ್ಕೈವ್ಸ್‌ನಲ್ಲಿ ಪೋಸ್ಟ್ ರಿಟರ್ನ್ಸ್ ಅಂತ ಇವೆ, 1800ರಿಂದ 1916ರವರೆಗೆ ಪ್ರತಿ ಕೋಟೆ ತಿಂಗಳು ತಿಂಗಳು ಕಳಿಸ್ತಿದ್ದ ವರದಿ, ಮೈಕ್ರೋಫಿಲ್ಮ್ ನಂಬರ್ ಎಂ617. ಯಾವ ಕಂಪನಿ ಇತ್ತು, ಎಷ್ಟು ಜನ, ಯಾರು ಸ್ಕೌಟಿಂಗ್‌ಗೆ ಎಷ್ಟು ದಿನ ಹೊರಗೆ ಹೋಗಿದ್ರು ಅಂತೆಲ್ಲಾ ಇರತ್ತೆ. 1870 ಮತ್ತು 1875ರಲ್ಲಿ ಸೈನ್ಯದ ವೈದ್ಯ ವಿಭಾಗ ಎಲ್ಲಾ ಕೋಟೆಗಳ ಬ್ಯಾರಕ್, ಆಸ್ಪತ್ರೆ, ನೀರು, ಶೌಚ ಹೇಗಿದೆ ಅಂತ ಎರಡು ದೊಡ್ಡ ವರದಿ ಮಾಡಿತ್ತು, ಅದನ್ನ ಓದಿದ್ರೆ ನೀರಿನ ಗಾಡಿ ಎಲ್ಲಿಂದ ಬರ್ತಿತ್ತು ಅಂತ ಕೂಡ ತಿಳಿಯತ್ತೆ. ಆಮೇಲೆ ಆಸ್ಟಿನ್‌ನ ಜನರಲ್ ಲ್ಯಾಂಡ್ ಆಫೀಸ್‌ನ ಹಳೇ ಸರ್ವೆ ನಕ್ಷೆಗಳು, ಅದರಲ್ಲಿ ಮಿಲಿಟರಿ ರೋಡ್ ಅಂತ ಚುಕ್ಕೆ ಗೆರೆ ಹಾಕಿರ್ತಾರೆ. ಆ ಗೆರೆಯನ್ನ ಈಗಿನ ಸ್ಯಾಟಲೈಟ್ ಚಿತ್ರದ ಮೇಲಿಟ್ಟು ನೋಡಿ. ಗಾಡಿಗಳು ಇಪ್ಪತ್ತು ವರ್ಷ ಓಡಾಡಿದ ಕಡೆ ನೆಲ ತಗ್ಗಾಗಿರತ್ತೆ, ಸಂಜೆ ಬಿಸಿಲಲ್ಲಿ ತೆಗೆದ ಫೋಟೋದಲ್ಲಿ ಆ ತಗ್ಗಿನ ನೆರಳು ಕಾಣತ್ತೆ. ದಾರಿ, ನೀರು, ಸಮತಟ್ಟು ನೆಲ ಮೂರೂ ಒಂದೇ ಕಡೆ ಸೇರಿದ್ರೆ ಅಲ್ಲಿ ಯಾರಾದ್ರೂ ಬಿಡಾರ ಹೂಡಿರ್ತಾರೆ. ನಮ್ಮ ಕಡೆ ಕುರಿಗಾಹಿಗಳು ಎಲ್ಲಿ ಹಟ್ಟಿ ಹಾಕ್ತಾರೆ ಅಂತ ನೋಡಿದ್ರೆ ಇದು ಯಾರೂ ಹೇಳಿಕೊಡೋದು ಬೇಡ.

ಅನುಮತಿ ಕೇಳೋದು. ಇದರಲ್ಲಿ ನಮ್ಮವರು ಹಿಂಜರೀತಾರೆ, ಬಣ್ಣ ನೋಡಿ ಏನಂದ್ಕೋತಾರೋ, ಬಂದೂಕು ತೆಗೀತಾರೋ ಅಂತ. ನನ್ನ ಅನುಭವದಲ್ಲಿ ಮರ್ಯಾದೆಯಿಂದ ಕೇಳಿದ್ರೆ ಮರ್ಯಾದೆಯಿಂದಲೇ ಉತ್ತರ ಕೊಡ್ತಾರೆ, ಇಲ್ಲ ಅಂದ್ರೂ ಮರ್ಯಾದೆಯಿಂದಲೇ ಅಂತಾರೆ. ಆದ್ರೆ ಗೇಟ್ ಹಾರಿ ಮನೆ ಬಾಗಿಲಿಗೆ ಹೋಗ್ಬೇಡಿ. ಬೇಲಿ ಕಂಬದ ಮೇಲೆ, ಮರದ ಮೇಲೆ ನೇರಳೆ ಬಣ್ಣದ ಉದ್ದ ಗೆರೆ ಬಳಿದಿದ್ರೆ ಟೆಕ್ಸಾಸ್ ಕಾನೂನಲ್ಲಿ ಅದು ಒಳಗೆ ಬರಬೇಡಿ ಅನ್ನೋ ಬೋರ್ಡಿಗೆ ಸಮ, ಹೊಸಬರಿಗೆ ಇದು ಗೊತ್ತಿರಲ್ಲ. ಮೊದಲು ಪತ್ರ ಬರೀರಿ, ಕೌಂಟಿ ದಾಖಲೆಯಲ್ಲಿ ಮಾಲೀಕರ ವಿಳಾಸ ಸಿಗತ್ತೆ. ನೀವ್ಯಾರು, ಏನು ಓದಿದೀರಿ, ಅವರ ನೆಲದ ಯಾವ ಮೂಲೆಲಿ ಹಳೇ ದಾರಿ ಹೋಗ್ತಿತ್ತು ಅಂತ ನಕ್ಷೆಯ ಕಾಪಿ ಜೊತೆಗಿಡಿ. ನಂಗೆ ಬಾಗಿಲು ತೆರೆದಿದ್ದು ಆ ನಕ್ಷೆಯೇ. ಫೋರ್ಟ್ ಕಾಂಚೋ ಕಡೆಯ ಒಬ್ಬ ವಯಸ್ಸಾದ ರ‍್ಯಾಂಚರ್, ಅವರ ತಾತನ ಕಾಲದಿಂದ ಅದೇ ನೆಲ, ಆ ದಾರಿ ತಮ್ಮ ಹಳ್ಳದ ಪಕ್ಕನೇ ಹೋಗ್ತಿತ್ತು ಅಂತ ಅವರಿಗೇ ಗೊತ್ತಿರ್ಲಿಲ್ಲ. ನಕ್ಷೆನ ಅಡುಗೆಮನೆ ಟೇಬಲ್ ಮೇಲೆ ಹರಡಿ ಅರ್ಧ ಗಂಟೆ ಬೆರಳಿಟ್ಟು ನೋಡಿದ್ರು.

ಬಾಯಿ ಮಾತಲ್ಲಿ ಬಿಡಬೇಡಿ, ಒಂದು ಪುಟ ಬರೆದು ಇಬ್ರೂ ಸೈನ್ ಮಾಡಿ. ಯಾವ ಜಾಗ, ಯಾವ ದಿನಗಳು, ಸಿಕ್ಕಿದ್ದು ಯಾರಿಗೆ ಸೇರತ್ತೆ, ಗಾಯ ಆದ್ರೆ ಯಾರ ಜವಾಬ್ದಾರಿ, ಇಷ್ಟು ಇದ್ರೆ ಸಾಕು. ಸಿಕ್ಕಿದ್ದೆಲ್ಲಾ ಮಾಲೀಕರದ್ದೇ ಅಂತ ಬರೆದುಬಿಡೋದು ನನ್ನ ಅಭ್ಯಾಸ, ಅವರು ಕೊಟ್ಟಿದ್ದು ಮಾತ್ರ ನಂದು. ಬೇಟೆ ಸೀಸನ್ ಯಾವಾಗ ಅಂತ ಕೇಳಿ, ನವೆಂಬರ್‌ನಿಂದ ಜನವರಿವರೆಗೆ ಜಿಂಕೆ ಬೇಟೆಗೆ ನೆಲ ಲೀಸ್ ಕೊಟ್ಟಿರ್ತಾರೆ, ಆಗ ಪೊದೆ ಮಧ್ಯೆ ಓಡಾಡೋದು ಅಪಾಯ. ನೆಲದಡಿ ಗ್ಯಾಸ್, ಆಯಿಲ್ ಪೈಪ್‌ಲೈನ್ ಎಲ್ಲಿದೆ ಅಂತಾನೂ ಕೇಳಿ. ಗೇಟ್ ಮುಚ್ಚಿದ್ರೆ ದಾಟಿ ಮುಚ್ಚಿ, ತೆರೆದಿದ್ರೆ ತೆರೆದೇ ಬಿಡಿ.

ಯಾವ ಡಿಟೆಕ್ಟರ್

ಇದರ ಬಗ್ಗೆ ಜನ ಜಾಸ್ತಿ ತಲೆ ಕೆಡಿಸ್ಕೋತಾರೆ, ಅಷ್ಟು ಬೇಡ. ಶುರುವಿಗೆ 300 ಡಾಲರ್ ಆಸುಪಾಸಿನ ಗ್ಯಾರೆಟ್ ಆದ್ರೂ ಸಾಕು, ಆ ಕಂಪನಿ ಇರೋದೂ ಇಲ್ಲೇ ಡಾಲಸ್ ಪಕ್ಕದ ಗಾರ್ಲೆಂಡ್‌ನಲ್ಲಿ. ಮುಂದೆ ಆಸಕ್ತಿ ಗಟ್ಟಿಯಾದ್ರೆ ಮೈನ್‌ಲ್ಯಾಬ್ ಅಥವಾ ಎಕ್ಸ್‌ಪಿ ಕಂಪನಿಯ ಮಲ್ಟಿ ಫ್ರೀಕ್ವೆನ್ಸಿ ಮೆಷಿನ್ ನೋಡಿ. ಡಿಟೆಕ್ಟರ್‌ಗಿಂತ ಮುಖ್ಯವಾಗಿ ಎರಡು ವಸ್ತು ಬೇಕು, ಒಂದು ಅಗೆದ ಗುಂಡಿಲಿ ವಸ್ತು ಸರಿಯಾಗಿ ಎಲ್ಲಿದೆ ಅಂತ ತೋರಿಸೋ, ಕೈಯಲ್ಲಿ ಹಿಡಿಯೋ ಪಿನ್‌ಪಾಯಿಂಟರ್, ಇನ್ನೊಂದು ಹೆಡ್‌ಫೋನ್. ಆಳದಲ್ಲಿರೋ ಸಣ್ಣ ವಸ್ತುವಿನ ಸದ್ದು ಗಾಳಿಗೆ ಕೇಳಿಸೋದೇ ಇಲ್ಲ.

ಮೆಷಿನ್ ಆನ್ ಮಾಡಿ ಮೊದಲು ಗ್ರೌಂಡ್ ಬ್ಯಾಲೆನ್ಸ್ ಮಾಡಿ, ಕಾಯಿಲ್‌ನ, ಅಂದ್ರೆ ಕೋಲಿನ ತುದಿಯ ತಟ್ಟೆನ, ಲೋಹ ಇಲ್ಲದ ನೆಲದ ಮೇಲೆ ಎತ್ತಿ ಇಳಿಸಿ ಆಡಿಸಿದ್ರೆ ಮಣ್ಣಿನ ಖನಿಜದ ಸದ್ದು ಕಳೀತದೆ. ಕೆಂಪು ಮಣ್ಣಲ್ಲಿ ಸೆನ್ಸಿಟಿವಿಟಿ ಸ್ವಲ್ಪ ಇಳಿಸ್ಬೇಕು. ಕಾಯಿಲ್ ನೆಲಕ್ಕೆ ಒಂದು ಇಂಚು ಮೇಲೆ, ಸಮಾಂತರವಾಗಿ, ರಂಗೋಲಿ ಎಳೆ ಎಳೆದಂಗೆ ನಿಧಾನಕ್ಕೆ. ತುದಿಗೆ ಬಂದಾಗ ಕೈ ಮೇಲೆತ್ತೋದು ಎಲ್ಲರೂ ಮಾಡೋ ತಪ್ಪು. ನಾಣ್ಯದಷ್ಟು ವಸ್ತು ಎಂಟು ಹತ್ತು ಇಂಚು ಆಳದವರೆಗೆ ಸಿಗಬಹುದು, ನಂಗೆ ಸಿಕ್ಕಿದ್ದರಲ್ಲಿ ಬಹುಪಾಲು ಎರಡರಿಂದ ಆರು ಇಂಚಲ್ಲೇ ಇದ್ವು.

ಕಬ್ಬಿಣದ ಸದ್ದು ಬೇಡ ಅಂತ ಡಿಸ್ಕ್ರಿಮಿನೇಶನ್ ಪೂರ್ತಿ ಏರಿಸಿಬಿಡ್ತಾರೆ, ಬೀಚಲ್ಲಿ ನಾಣ್ಯ ಹುಡುಕೋರಿಗೆ ಅದು ಸರಿ, ನಮಗೆ ಅಲ್ಲ. ಸೈನ್ಯದ ಜಾಗದಲ್ಲಿ ಅರ್ಧ ಕಥೆ ಕಬ್ಬಿಣದಲ್ಲೇ ಇರತ್ತೆ, ಲಾಳ, ಗಾಡಿ ಬೋಲ್ಟು, ಡೇರೆ ಗೂಟ, ಮೊಳೆ. ಎಲ್ಲಾ ಸದ್ದೂ ಕೇಳಿಸ್ಕೊಳ್ಳಿ, ಟೋನ್‌ನಲ್ಲಿ ಬೇರೆ ಮಾಡ್ಕೊಳ್ಳಿ. ಕಬ್ಬಿಣ ಗುರ್ ಅನ್ನತ್ತೆ, ಸೀಸದ ಗುಂಡು ಮಧ್ಯದ ಸ್ವರ, ತಾಮ್ರ ಹಿತ್ತಾಳೆ ಮೇಲಿನ ಸ್ವರ. ಮೊಳೆ ದಟ್ಟವಾಗಿರೋ ಕಡೆ ಆರು ಇಂಚಿನ ಚಿಕ್ಕ ಕಾಯಿಲ್ ಹಾಕಿ.

ಸಮಯ ಅಂದ್ರೆ ಫೆಬ್ರವರಿ, ಮಾರ್ಚ್ ಶುರು. ಹುಲ್ಲು ಬೆಳೆದಿರಲ್ಲ, ಹಾವು ಕಮ್ಮಿ, ಮಳೆ ಬಿದ್ದಿದ್ರೆ ನೆಲ ಮೆತ್ತಗಿರತ್ತೆ, ಒದ್ದೆ ನೆಲದಲ್ಲಿ ಸಿಗ್ನಲ್ಲೂ ಚೆನ್ನಾಗಿ ಬರತ್ತೆ. ಬಿಸಿಲೇರಿದ ದಿನ ಆ ತಿಂಗಳಲ್ಲೂ ರ‍್ಯಾಟಲ್ ಹಾವು ಹೊರಗೆ ಬರತ್ತೆ, ಮೊಣಕಾಲುದ್ದ ಬೂಟು ಹಾಕಿ, ಕಲ್ಲಿನ ಸಂದಿಗೆ ಕೈ ಹಾಕ್ಬೇಡಿ. ಮೊದಲ ಸಲ ಹೋದಾಗ ನಂಗೆ ಆಶ್ಚರ್ಯ ಆಗಿದ್ದು ಆ ನೆಲದ ಗಿಡಗಳನ್ನ ನೋಡಿ. ಪಾಪಾಸುಕಳ್ಳಿ, ಬಳ್ಳಾರಿ ಜಾಲಿ. ಇಲ್ಲಿ ಅದನ್ನ ಮೆಸ್ಕೀಟ್ ಅಂತಾರೆ, ನಮ್ಮ ಜಾಲಿಯ ಅಣ್ಣತಮ್ಮ, ಮುಳ್ಳು ಚುಚ್ಚಿದಾಗ ನೋವೂ ಹಂಗೇ ಇರತ್ತೆ. ಎರಡೂ ಅಮೆರಿಕ ಖಂಡದಿಂದಲೇ ನಮ್ಮ ಬಯಲುಸೀಮೆಗೆ ಬಂದಿದ್ದು.

ಇದು ಮುಖ್ಯ: ಎಲ್ಲಿ ಸಿಕ್ತು ಅಂತ ಬರೆಯೋದು

ಮೊದಲ ವರ್ಷ ನಾನು ಒಂದು ತಪ್ಪು ಮಾಡಿದೆ, ಅದನ್ನ ನೆನೆಸ್ಕೊಂಡ್ರೆ ಈಗ್ಲೂ ಬೇಜಾರಾಗತ್ತೆ. ಒಂದು ಶನಿವಾರ ಸಂಜೆ ಹೊತ್ತಿಗೆ ನಲವತ್ತು ಚಿಲ್ಲರೆ ವಸ್ತು ಸಿಕ್ಕಿದ್ವು, ಗುಂಡು, ತೋಟಾ, ಎರಡು ಬಟನ್, ಒಂದು ಬಕಲ್ ಚೂರು, ಖುಷಿಲಿ ಎಲ್ಲಾನೂ ಒಂದೇ ಐಸ್‌ಕ್ರೀಮ್ ಡಬ್ಬಕ್ಕೆ ಹಾಕ್ಕೊಂಡು ಮನೆಗೆ ಬಂದೆ. ಯಾವುದು ಹಳ್ಳದ ಪಕ್ಕದ್ದು, ಯಾವುದು ದಿಬ್ಬದ್ದು, ಒಂದೂ ಗೊತ್ತಿಲ್ಲ. ಆ ಡಬ್ಬ ಈಗಲೂ ಇದೆ, ಅದರೊಳಗಿನ ವಸ್ತುಗಳು ಏನೂ ಹೇಳಲ್ಲ.

ಯಾಕೆ ಇಷ್ಟು ಒತ್ತಿ ಹೇಳ್ತೀನಿ ಅಂದ್ರೆ ಮೊಂಟಾನಾದ ಲಿಟಲ್ ಬಿಗ್‌ಹಾರ್ನ್ ಯುದ್ಧಭೂಮಿಯಲ್ಲಿ ಆಗಿದ್ದನ್ನ ನೋಡಿ. 1876ರ ಜೂನ್ 25ರಂದು ಅಮೆರಿಕದ ಸೈನ್ಯದ ಅಧಿಕಾರಿ ಕಸ್ಟರ್ ಮತ್ತು ಅವನ ಜೊತೆಗಿದ್ದ ಪಡೆ ಪೂರ್ತಿ ಸತ್ತಿದ್ದು ಅಲ್ಲಿ. ಆ ಕಡೆಯಿಂದ ಬದುಕಿ ಬಂದು ಹೇಳೋಕೆ ಸೈನಿಕ ಯಾರೂ ಇರಲಿಲ್ಲ, ಎದುರು ಹೋರಾಡಿದ ಲಕೋಟಾ ಮತ್ತು ಶಾಯೆನ್ ಜನ ಹೇಳಿದ್ದನ್ನ ಬಹಳ ಕಾಲ ಇತಿಹಾಸಕಾರರು ಸರಿಯಾಗಿ ಕೇಳಿಸ್ಕೊಳ್ಳಲಿಲ್ಲ. 1983ರಲ್ಲಿ ಬೆಂಕಿ ಬಿದ್ದು ಹುಲ್ಲೆಲ್ಲಾ ಸುಟ್ಟು ನೆಲ ಬರಿದಾಯ್ತು, 1984ರಲ್ಲಿ ಡಗ್ಲಸ್ ಸ್ಕಾಟ್ ಮತ್ತು ರಿಚರ್ಡ್ ಫಾಕ್ಸ್ ಅನ್ನೋ ಪುರಾತತ್ವಜ್ಞರು ಅಧಿಕೃತವಾಗಿ ಸ್ವಯಂಸೇವಕರ ಕೈಗೆ ಡಿಟೆಕ್ಟರ್ ಕೊಟ್ರು. ಅವರು ಐದೈದು ಮೀಟರ್ ಅಂತರದಲ್ಲಿ ಸಾಲಾಗಿ ನಡೆದ್ರು, ಸದ್ದು ಬಂದ ಕಡೆ ಬಾವುಟ ನೆಟ್ರು, ಹಿಂದೆ ಬಂದವರು ಅಗೆದ್ರು, ಅವರ ಹಿಂದೆ ಬಂದವರು ಪ್ರತಿಯೊಂದರ ಜಾಗ ಅಳೆದು ನಕ್ಷೆಗೆ ಹಾಕಿದ್ರು. ಬಂದೂಕಿನ ಪಿನ್ ತೋಟಾದ ತಳಕ್ಕೆ ಹೊಡೆದ ಗುರುತು ಒಂದೊಂದು ಬಂದೂಕಿಗೂ ಬೇರೆ ಬೇರೆ, ಅಪರಾಧ ತನಿಖೆಲಿ ಪೊಲೀಸರು ನೋಡ್ತಾರಲ್ಲ ಹಂಗೆ ಮೈಕ್ರೋಸ್ಕೋಪ್ ಕೆಳಗೆ ನೋಡಿ ಒಂದೇ ಬಂದೂಕು ಇಲ್ಲಿಂದ ಅಲ್ಲಿಗೆ ಹೋಗಿದೆ ಅಂತ ಹೆಜ್ಜೆ ಹಿಡಿದ್ರು. ಸೈನಿಕರ ಸ್ಪ್ರಿಂಗ್‌ಫೀಲ್ಡ್ ಕಾರ್ಬೈನ್ (ಗಿಡ್ಡ ಬಂದೂಕು) ಒಂದು ಸಲಕ್ಕೆ ಒಂದೇ ಗುಂಡು, ಎದುರು ಕಡೆ ಒಂದರ ಹಿಂದೆ ಒಂದು ಗುಂಡು ಹಾರಿಸೋ ಹೆನ್ರಿ, ವಿಂಚೆಸ್ಟರ್ ರಿಪೀಟರ್‌ಗಳೂ ಇದ್ವು ಅನ್ನೋದು ನೆಲದಿಂದಲೇ ಗೊತ್ತಾಯ್ತು. ಕಾರ್ಬೈನ್ ಜಾಮ್ ಆಗಿದ್ದಕ್ಕೇ ಸೋತ್ರು ಅನ್ನೋ ಹಳೇ ಮಾತಿಗೆ ಆಧಾರ ಸಿಗಲಿಲ್ಲ. ಇದೆಲ್ಲಾ ಬರೀ ಖಾಲಿ ತೋಟಾಗಳಿಂದ. ಅವನ್ನ ಹಿಂದೆ ಯಾರೋ ಜೇಬಿಗೆ ಹಾಕ್ಕೊಂಡು ಹೋಗಿದ್ದಷ್ಟು ಭಾಗ ಮಾತ್ರ ಆ ನಕ್ಷೆಲಿ ಇವತ್ತಿಗೂ ಖಾಲಿ.

ನೀವು ಮಾಡ್ಬೇಕಾಗಿರೋದು ಇಷ್ಟೇ. ಒಂದು ಸ್ಥಿರ ಗುರುತು ಆರಿಸ್ಕೊಳ್ಳಿ, ಗೇಟ್ ಕಂಬ ಅಥವಾ ದೊಡ್ಡ ಬಂಡೆ. ಹಗ್ಗ ಕಟ್ಟಿ ಎರಡು ಮೀಟರ್ ಅಗಲದ ಪಟ್ಟಿ ಮಾಡ್ಕೊಳ್ಳಿ, ಒಂದು ಪಟ್ಟಿ ಮುಗಿಸಿ ಇನ್ನೊಂದು. ಸದ್ದು ಬಂದ್ರೆ ಅಗೀಬೇಡಿ, ಮೊದಲು ತಂತಿ ಬಾವುಟ ನೆಡಿ, ಅವು ಹಾರ್ಡ್‌ವೇರ್ ಅಂಗಡಿಲಿ ಕಟ್ಟುಗಟ್ಟಲೆ ಸಿಗತ್ತೆ. ಪೂರ್ತಿ ಪಟ್ಟಿ ಆದ್ಮೇಲೆ ಹಿಂದೆ ನಿಂತು ಬಾವುಟಗಳನ್ನ ನೋಡಿ, ಫೋಟೋ ತೆಗೀರಿ. ಆಮೇಲೆ ಅಗೆಯೋದು. ಒಂದೊಂದಕ್ಕೂ ಒಂದು ಜಿಪ್ ಕವರ್, ಒಂದು ನಂಬರ್. ನೋಟ್‌ಬುಕ್‌ನಲ್ಲಿ ಅದೇ ನಂಬರ್, ಗುರುತಿನಿಂದ ಎಷ್ಟು ದೂರ ಯಾವ ದಿಕ್ಕು, ಎಷ್ಟು ಇಂಚು ಆಳ, ಗುಂಡಾದ್ರೆ ಮೂತಿ ಯಾವ ಕಡೆ ಇತ್ತು. ಫೋನ್ ಜಿಪಿಎಸ್ ಮೂರು ಐದು ಮೀಟರ್ ಆಚೀಚೆ ತೋರಿಸತ್ತೆ, ಅದರ ಜೊತೆಗೆ ಟೇಪ್ ಹಿಡಿದು ಅಳೀರಿ.

ಎರಡನೇ ವರ್ಷ ಹಂಗೇ ಮಾಡಿದೆ. ದಿಬ್ಬದ ಕೆಳಗೆ ಬಾವುಟ ನೆಟ್ಟು ಹಿಂದೆ ಬಂದು ನಿಂತಾಗ ಹನ್ನೊಂದು ಬಾವುಟ ನೇರ ಒಂದೇ ಗೆರೇಲಿ ಕಂಡ್ವು, ಎಲ್ಲಾ ಖಾಲಿ ತೋಟಾ. ಅಲ್ಲಿಂದ ನೂರೈವತ್ತು ಹೆಜ್ಜೆ ಆಚೆ ಹಳ್ಳದ ಎತ್ತರದ ದಡದ ಮಣ್ಣಲ್ಲಿ ಚಪ್ಪಟೆ ಆದ ಸೀಸದ ಗುಂಡುಗಳು. ಹಿಂದಿನ ವರ್ಷ ಇಲ್ಲಿ ಏನೋ ಕಾಳಗ ಆಗಿರ್ಬೇಕು ಅಂತ ಮನೇಲೆಲ್ಲಾ ಹೇಳ್ಕೊಂಡು ಓಡಾಡಿದ್ದೆ, ಅದು ಕಾಳಗ ಅಲ್ಲ, ಸಾಲಾಗಿ ನಿಂತು ಗುರಿ ಅಭ್ಯಾಸ ಮಾಡಿದ ಜಾಗ. ಬಾವುಟ ನೆಡದೇ ಇದ್ದಿದ್ರೆ ಇವತ್ತಿಗೂ ಸುಳ್ಳನ್ನೇ ಹೇಳ್ತಿದ್ದೆ.

ಅಗೆಯೋದು

ಕೈ ಸಲಿಕೆಯಿಂದ ಹುಲ್ಲಿನ ಹೆಂಟೆಯನ್ನ ಮೂರು ಕಡೆ ಕೊಯ್ದು ಒಂದು ಕಡೆ ಬಿಟ್ಟು ಪುಸ್ತಕದ ಪುಟ ಮಗುಚಿದಂಗೆ ಮಗುಚಿ. ಮಣ್ಣನ್ನ ಒಂದು ಬಟ್ಟೆ ಮೇಲೆ ಹಾಕಿ, ಮತ್ತೆ ಅದನ್ನೇ ಪೂರ್ತಿ ತುಂಬಿ ತುಳಿದು ಮುಚ್ಚಿ. ಮುಚ್ಚದ ಗುಂಡಿಗೆ ಹಸು ಕಾಲಿಟ್ಟು ಮುರ್ಕೊಂಡ್ರೆ ನಿಮಗಷ್ಟೇ ಅಲ್ಲ, ಮುಂದೆ ಬರೋ ಎಲ್ಲರಿಗೂ ಆ ಗೇಟ್ ಮುಚ್ಚಿಹೋಗತ್ತೆ. ಅಗೀತಾ ಬೂದಿ, ಇದ್ದಿಲು, ಜೋಡಿಸಿದ ಕಲ್ಲು, ಇಟ್ಟಿಗೆ, ಒಂದೇ ಕಡೆ ರಾಶಿ ಗಾಜು ಮೂಳೆ ಕಂಡ್ರೆ ಅಲ್ಲಿಗೆ ನಿಲ್ಲಿಸಿ. ಅದು ಒಲೆಯೋ ಕಸದ ಗುಂಡಿಯೋ ಮನೆ ಪಾಯವೋ ಇರತ್ತೆ, ಅದನ್ನ ಪದರ ಪದರವಾಗಿ ತೆಗೆಯೋದು ಕಲಿತವರ ಕೆಲಸ, ಡಿಟೆಕ್ಟರ್ ಗುಂಡಿ ಅದನ್ನ ಹಾಳು ಮಾಡತ್ತೆ.

ಮನುಷ್ಯರ ಮೂಳೆ ಅಂತ ಅನುಮಾನ ಬಂದ್ರೂ ಕೈ ತೆಗೀರಿ, ಮಾಲೀಕರಿಗೆ ಹೇಳಿ, ಶೆರಿಫ್‌ಗೆ ಫೋನ್ ಮಾಡಿ. ಖಾಸಗಿ ನೆಲ ಆದ್ರೂ ಸಮಾಧಿ ಮುಟ್ಟೋಹಾಗಿಲ್ಲ. ಇನ್ನೊಂದು, ಕಬ್ಬಿಣದ ದುಂಡನೆ ಚೆಂಡು, ನಾಲ್ಕೂವರೆ ಇಂಚು ಅಗಲ, ಮೇಲೆ ಎಲ್ಲೋ ಒಂದು ಕಡೆ ಮುಚ್ಚಿದ ತೂತು, ಇಂಥದ್ದು ಕಂಡ್ರೆ ಎತ್ತಬೇಡಿ, ಅಲುಗಿಸಬೇಡಿ. ಕೋಟೆಗಳಲ್ಲಿ 12 ಪೌಂಡ್ ಹವಿಟ್ಜರ್ ಫಿರಂಗಿ ಇರ್ತಿದ್ವು, ಅದರ ಶೆಲ್ ಒಳಗೆ ಕರಿಮದ್ದು ತುಂಬಿರತ್ತೆ, 150 ವರ್ಷ ಆದ್ರೂ ಅದು ಸಾಯಲ್ಲ. 2008ರಲ್ಲಿ ವರ್ಜೀನಿಯಾದಲ್ಲಿ ವರ್ಷಾನುಗಟ್ಟಲೆ ಅನುಭವ ಇದ್ದ ಒಬ್ರು ಸಂಗ್ರಹಕಾರರು ಸಿವಿಲ್ ವಾರ್ ಕಾಲದ ಇಂಥ ಗುಂಡನ್ನ ಮನೆ ಅಂಗಳದಲ್ಲಿ ಕ್ಲೀನ್ ಮಾಡ್ತಾ ಅದು ಸಿಡಿದು ತೀರಿಕೊಂಡ್ರು.

ಸಿಕ್ಕಿದ್ದು ಏನು ಅಂತ ತಿಳಿಯೋದು

ತೋಟಾದಿಂದ ಶುರು ಮಾಡೋಣ. ಆ ಹನ್ನೊಂದು ಬಾವುಟದ ಗೆರೇಲಿ ಸಿಕ್ಕಿದ್ದರಲ್ಲಿ ಒಂದು ಈಗ ನನ್ನ ಮುಂದೆ ಇದೆ, ರ‍್ಯಾಂಚರ್ ಕೊಟ್ಟಿದ್ದು. ಎರಡು ಇಂಚಿಗಿಂತ ಚೂರು ಉದ್ದ, ತಾಮ್ರ, ಹಸಿರು ಕಂದು ಬಣ್ಣ ತಿರುಗಿದೆ, ಬಾಯಿ ಹತ್ರ ಸ್ವಲ್ಪ ಹರಿದಿದೆ. ತಳದಲ್ಲಿ ಒಂದಕ್ಷರ ಇಲ್ಲ, ಸಪಾಟು, ನಡುವೆ ಪಿನ್ ಹೊಡೆದ ತಗ್ಗು. ಈಗಿನ ತೋಟಾದಲ್ಲಿರೋ ದುಂಡು ಪ್ರೈಮರ್ ಇದರಲ್ಲಿ ಹೊರಗೆ ಕಾಣಲ್ಲ, ಅದು ಒಳಗಿದೆ, ಅದನ್ನ ಹಿಡಿದಿಡೋಕೆ ಅಂಚಿನ ಸ್ವಲ್ಪ ಮೇಲೆ ಎದುರುಬದುರು ಎರಡು ಕಡೆ ಒತ್ತಿದ ಗುರುತು, ಉಗುರಿನಿಂದ ಸವರಿದ್ರೆ ತಗಲತ್ತೆ. ಇದು ಸ್ಪ್ರಿಂಗ್‌ಫೀಲ್ಡ್‌ನ .45 ತೋಟಾ, ಸೈನ್ಯದ ಮದ್ದುಗುಂಡು ಕಾರ್ಖಾನೆ ಫ್ರ್ಯಾಂಕ್‌ಫರ್ಡ್ ಆರ್ಸೆನಲ್ ಮಾಡಿದ್ದು. 1877ರ ಮಾರ್ಚ್‌ನಿಂದ ಅವರು ತಳಕ್ಕೆ ಗುರುತು ಒತ್ತೋಕೆ ಶುರು ಮಾಡಿದ್ರು, ರೈಫಲ್‌ಗೆ ಆರ್, ಕಾರ್ಬೈನ್‌ಗೆ ಸಿ, ಆರ್ಸೆನಲ್‌ಗೆ ಎಫ್, ಜೊತೆಗೆ ತಿಂಗಳು, ವರ್ಷ. ಆ ಬಂದೂಕು 1873ರ ಮಾಡೆಲ್, ತಳದಲ್ಲಿ ಗುರುತು ಇಲ್ಲ, ಅಲ್ಲಿಗೆ ಇದನ್ನ 1873ಕ್ಕೂ 1877ಕ್ಕೂ ಮಧ್ಯೆ ಮಾಡಿದ್ದು ಅಂತ ಕೈಯಲ್ಲಿ ಹಿಡಿದೇ ಹೇಳಬಹುದು.

ಬುಡದಲ್ಲಿ ಟೊಳ್ಳು, ಸುತ್ತ ಮೂರು ಉಂಗುರ ಇರೋ ದಪ್ಪ ಸೀಸದ ಗುಂಡು ಅಂದ್ರೆ ಮಿನಿಯೇ, .58 ಅಳತೆದಾದ್ರೆ ಸಿವಿಲ್ ವಾರ್ ಆಸುಪಾಸಿನ ಮಸ್ಕೆಟ್‌ದು. ಗುಂಡಿನ ಮೇಲೆ ಹಲ್ಲಿನ ಗುರುತು ಕಂಡ್ರೆ ಅರಿವಳಿಕೆ ಇಲ್ಲದೆ ಆಪರೇಷನ್ ಮಾಡುವಾಗ ಸೈನಿಕ ಕಚ್ಚಿದ್ದು ಅಂತ ಜನ ಕಥೆ ಕಟ್ತಾರೆ, ಹೆಚ್ಚಿನವು ಹಂದಿ ಅಗಿದಿದ್ದು.

ಬಟನ್ ಮೇಲೆ ರೆಕ್ಕೆ ಹರಡಿದ ಹದ್ದು ಇರತ್ತೆ, ಎದೆ ಮೇಲೆ ಗುರಾಣಿ. 1854ರಿಂದ ಸಾಮಾನ್ಯ ಸೈನಿಕರ ಬಟನ್‌ನಲ್ಲಿ ಗುರಾಣಿ ತುಂಬ ಗೆರೆ, ಆಫೀಸರ್‌ದಾದ್ರೆ ಗುರಾಣಿ ಮೇಲೆ ಒಂದಕ್ಷರ, ಇನ್‌ಫೆಂಟ್ರಿಗೆ ಐ, ಕ್ಯಾವಲ್ರಿಗೆ ಸಿ, ಆರ್ಟಿಲರಿಗೆ ಎ. ಹಿಂಭಾಗದಲ್ಲಿ ತಯಾರಕರ ಹೆಸರು, ವಾಟರ್‌ಬರಿಯ ಸ್ಕೋವಿಲ್ ಅಂತ ಬಹಳ ಸಿಗತ್ತೆ. ಟೋಪಿ ಮೇಲಿನ ಅಡ್ಡ ಕತ್ತಿಗಳು ಕ್ಯಾವಲ್ರಿ, ಊದೋ ಕೊಂಬು ಇನ್‌ಫೆಂಟ್ರಿ, 1875ರ ಮೇಲೆ ಇನ್‌ಫೆಂಟ್ರಿಗೆ ಅಡ್ಡ ರೈಫಲ್‌ಗಳು.

ಚೌಕ ಮೈಯ ಮೊಳೆ ಹಳೇದು, ದುಂಡು ತಂತಿ ಮೊಳೆ ಸಾಮಾನ್ಯ ಆಗಿದ್ದು 1890ರ ಸುಮಾರಿಗೆ, ಆದ್ದರಿಂದ ಒಂದು ಕಡೆ ಬರೀ ದುಂಡು ಮೊಳೆನೇ ಸಿಕ್ತಿದ್ರೆ ಅದು ರ‍್ಯಾಂಚ್ ಕಾಲದ್ದು, ಜಾಗ ಬದಲಾಯಿಸಿ. ತೆಳು ಕಬ್ಬಿಣದ ತ್ರಿಕೋನ, ಹಿಂದೆ ಒಂದು ಬಾಲ, ಅಂಚಲ್ಲಿ ಉಳಿ ಹೊಡೆದ ಗುರುತು ಕಂಡ್ರೆ ಅದನ್ನ ತಗಡಿನ ಚೂರು ಅಂತ ಎಸೀಬೇಡಿ. ಸೈನ್ಯದ ಪೀಪಾಯಿಯ ಪಟ್ಟಿಯನ್ನೇ ಕತ್ತರಿಸಿ ಕಮಾಂಚಿ, ಕಯೋವಾ ಜನ ಬಾಣದ ಮೊನೆ ಮಾಡ್ಕೋತಿದ್ರು. ನಂಗೆ ಇಲ್ಲಿವರೆಗೆ ಒಂದೇ ಒಂದು ಸಿಕ್ಕಿದೆ, ಹಳ್ಳದ ಆಚೆ ದಡದಲ್ಲಿ, ಸೈನ್ಯದ್ದು ಬೇರೆ ಏನೂ ಸಿಗದ ಕಡೆ.

ತೊಳೆಯೋ ವಿಷಯ

ನಮ್ಮ ಮನೇಲಿ ತಾಮ್ರದ ಚೊಂಬು ಮಂಕಾದ್ರೆ ಹುಣಸೆಹಣ್ಣು ಹಾಕಿ ಉಜ್ಜೋದು ಅಭ್ಯಾಸ, ಬಟನ್‌ಗೆ ಅದನ್ನ ಮಾಡಿದ್ರೆ ಮುಗೀತು, ಉಳಿದಿದ್ದ ಚಿನ್ನದ ಲೇಪ, ಹದ್ದಿನ ಗರಿ, ಹಿಂದಿನ ಅಕ್ಷರ ಎಲ್ಲಾ ಹೋಗತ್ತೆ. ನಿಂಬೆ, ವಿನೆಗರ್, ಪೀತಾಂಬರಿ ಯಾವುದೂ ಬೇಡ. ಡಿಸ್ಟಿಲ್ಡ್ ನೀರು, ಮೆತ್ತನೆ ಹಲ್ಲುಜ್ಜೋ ಬ್ರಷ್, ನೆರಳಲ್ಲಿ ಒಣಗಿಸೋದು, ಅಷ್ಟೇ.

ಸೀಸದ ಗುಂಡು ಮುಟ್ಟಿದ್ಮೇಲೆ ಸೋಪ್ ಹಾಕಿ ಕೈ ತೊಳೀರಿ, ಮಕ್ಕಳ ಕೈಗೆ ಕೊಡಬೇಡಿ. ಅದನ್ನ ಮರದ ಪೆಟ್ಟಿಗೆಲಿ ಇಡಬೇಡಿ, ಮರದಿಂದ ಬರೋ ಹುಳಿ ಆವಿಗೆ ಸೀಸ ಬಿಳಿ ಪುಡಿ ಆಗಿ ಉದುರತ್ತೆ. ಪ್ಲಾಸ್ಟಿಕ್ ಡಬ್ಬ ಸಾಕು.

ಕಬ್ಬಿಣ ಕಷ್ಟ. ನೆಲದಲ್ಲಿ 150 ವರ್ಷ ಸುಮ್ಮನಿದ್ದಿದ್ದು ಹೊರಗೆ ಬಂದ ಮೇಲೆ ಪದರ ಪದರವಾಗಿ ಸಿಪ್ಪೆ ಏಳೋಕೆ ಶುರು ಮಾಡತ್ತೆ. ವಾಷಿಂಗ್ ಸೋಡಾ ಕರಗಿಸಿದ ನೀರಲ್ಲಿಟ್ಟು ಬ್ಯಾಟರಿ ಚಾರ್ಜರ್‌ನಿಂದ ಸಣ್ಣ ಕರೆಂಟ್ ಹಾಯಿಸಿ ತುಕ್ಕು ಬಿಡಿಸ್ತಾರೆ, ಮಾಡೋದಾದ್ರೆ ಮನೆ ಹೊರಗೆ ಗಾಳಿಯಾಡೋ ಕಡೆ ಮಾಡಿ, ಇನ್ನೊಂದು ತುದಿಗೆ ಸ್ಟೇನ್‌ಲೆಸ್ ಸ್ಟೀಲ್ ಹಾಕ್ಬೇಡಿ, ಅದರಿಂದ ವಿಷದ ಕ್ರೋಮಿಯಂ ನೀರಿಗೆ ಬಿಡತ್ತೆ. ಉಪಚಾರ ಮಾಡೋ ತಯಾರಿ ಇಲ್ಲ ಅಂದ್ರೆ ನನ್ನ ಸಲಹೆ, ಕಬ್ಬಿಣವನ್ನ ಅಳೆದು ಫೋಟೋ ತೆಗೆದು ಅದೇ ಗುಂಡಿಲಿ ವಾಪಸ್ ಹಾಕಿ ಮುಚ್ಚಿ. ನಾನು ಮೊಳೆ, ಬೋಲ್ಟ್‌ಗಳನ್ನೆಲ್ಲಾ ಹಂಗೇ ಮಾಡ್ತೀನಿ.

ಆಮೇಲೆ ಯಾರಿಗೆ ತಿಳಿಸೋದು

ಟೆಕ್ಸಾಸ್ ಹಿಸ್ಟಾರಿಕಲ್ ಕಮಿಷನ್ 1984ರಿಂದ ಪುರಾತತ್ವದ ಜಾಗಗಳನ್ನ ನೋಡ್ಕೊಳ್ಳೋ ಸ್ವಯಂಸೇವಕರ, ಅಂದ್ರೆ ಸ್ಟೀವರ್ಡ್‌ಗಳ, ಒಂದು ಜಾಲ ನಡೆಸ್ತಿದೆ, ಅವರನ್ನ ಸಂಪರ್ಕಿಸಿದ್ರೆ ಬಂದು ನೋಡ್ತಾರೆ, ಯಾರೂ ನಿಮ್ಮ ವಸ್ತು ಕಿತ್ಕೊಳ್ಳಲ್ಲ, ನೆಲ ರ‍್ಯಾಂಚರ್‌ದೇ ಆಗಿರತ್ತೆ. ಇದನ್ನ ಮಾಲೀಕರಿಗೂ ಮೊದಲೇ ಬಿಡಿಸಿ ಹೇಳಿ, ಸರ್ಕಾರ ನೆಲ ತಗೊಳ್ಳತ್ತೆ ಅನ್ನೋ ಭಯ ಅವರಿಗಿರತ್ತೆ. ಜಾಗದ ವಿವರ ಬರೆಯೋ ಸೈಟ್ ಫಾರ್ಮ್ ತುಂಬಿದ್ರೆ ಆಸ್ಟಿನ್‌ನ ಯೂನಿವರ್ಸಿಟಿಯಲ್ಲಿರೋ ಪುರಾತತ್ವ ಲ್ಯಾಬ್ ಒಂದು ನಂಬರ್ ಕೊಡತ್ತೆ, 41 ಅಂದ್ರೆ ಟೆಕ್ಸಾಸ್, ಆಮೇಲೆ ಕೌಂಟಿಯ ಎರಡಕ್ಷರ, ಆಮೇಲೆ ಆ ಜಾಗದ ಸಂಖ್ಯೆ. ಕೆಲಸ ಸರಿಯಾಗಿ ಕಲೀಬೇಕು ಅಂದ್ರೆ ಟೆಕ್ಸಾಸ್ ಆರ್ಕಿಯಲಾಜಿಕಲ್ ಸೊಸೈಟಿ ಪ್ರತಿ ವರ್ಷ ಬೇಸಿಗೆಲಿ ಫೀಲ್ಡ್ ಸ್ಕೂಲ್ ಮಾಡತ್ತೆ, ಮೆಂಬರ್ ಆಗಿ ಮಕ್ಕಳನ್ನೂ ಕರ್ಕೊಂಡು ಹೋಗಬಹುದು.

ನಮ್ಮ ರ‍್ಯಾಂಚರ್ ಮೊದಲು ಫಾರ್ಮ್ ಬೇಡ ಅಂದಿದ್ರು. ಬಾವುಟಗಳ ಫೋಟೋ, ನಾನು ಗ್ರಾಫ್ ಶೀಟ್ ಮೇಲೆ ಹಾಕಿದ ನಕ್ಷೆ ಎರಡನ್ನೂ ಅದೇ ಅಡುಗೆಮನೆ ಟೇಬಲ್ ಮೇಲಿಟ್ಟಾಗ ಬಹಳ ಹೊತ್ತು ನೋಡಿ, ಕಿಟಕಿಯಿಂದ ಹಳ್ಳದ ಕಡೆ ಒಂದು ಸಲ ನೋಡಿ, ಪೆನ್ ಎಲ್ಲಿದೆ ಅಂತ ಕೇಳಿದ್ರು. ಬಾಣದ ಮೊನೆ ಅವರ ಹತ್ರಾನೇ ಇದೆ, ಅದರ ಪಕ್ಕ ನಂಬರ್ 63 ಅಂತ ನಾನು ಬರೆದಿದ್ದ ಚೀಟಿನೂ ಇಟ್ಕೊಂಡಿದಾರೆ.